ಚಿತ್ರದಲ್ಲಿ ಹುಡುಕಿ ಎಣಿಸುವ ಪಾಠ

ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ ಮಗು ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸಬೇಕೆಂಬುದು ನಮ್ಮಲ್ಲಿ ಅನೇಕ ತಂದೆತಾಯಿಗಳ ಅಪೇಕ್ಷೆ. ಆದುದರಿಂದಲೇ ಶಿಶುವರ್ಗದ ಶಿಕ್ಷಕಿಯು ಮಳೆಗಾಲದ ಚಿತ್ರವೊಂದನ್ನು ಕೈಗಿತ್ತು, ‘ಇದರಲ್ಲಿ ಕೊಡೆಗಳೆಷ್ಟು, ಕಪ್ಪೆಗಳೆಷ್ಟು, ಹುಡುಕಿ ಎಣಿಸು’ ಎಂದರೆ, ತಾವು ಮಗುವನ್ನು ಕಳುಹಿಸಿದ್ದು ಆಟಕ್ಕಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪ ಸರಿಯಲ್ಲ.

ಬಾಯಿಪಾಠವೇ ಬೇರೆ, ಎಣಿಕೆಯೇ ಬೇರೆ. ಇಪ್ಪತ್ತರವರೆಗೆ ತಡೆಯಿಲ್ಲದೆ ಹೇಳುವ ಮಗುವಿನ ಮುಂದೆ ಹುಣಿಸೆಬೀಜಗಳನ್ನು ಸುರಿದು, ಏಳನ್ನು ಮಾತ್ರ ಕೊಡೆಂದರೆ, ಅದು ಕೈಗೆ ಬಂದಷ್ಟನ್ನು ಕೊಟ್ಟುಬಿಡುವುದುಂಟು. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರಲ್ಲಿ ಎಣಿಕೆಗೆ ಐದು ನಿಯಮಗಳನ್ನು ಹೇಳಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ, ಯಾವುದನ್ನಾದರೂ ಎಣಿಸಬಹುದು, ಎಲ್ಲಿಂದ ಆರಂಭಿಸಿದರೂ ಮೊತ್ತ ಒಂದೇ. ವಸ್ತುಗಳು ಚೆಲ್ಲಾಪಿಲ್ಲಿಯಾಗಿರುವ ಚಿತ್ರವು ಇವೆಲ್ಲವನ್ನೂ ಒಟ್ಟಿಗೆ ಅಭ್ಯಾಸ ಮಾಡಿಸುತ್ತದೆ. ಎಲೆಯ ಮರೆಯ ಕಪ್ಪೆ ತಪ್ಪಬಾರದು. ಎಣಿಸಿದ್ದನ್ನು ಮತ್ತೆ ಎಣಿಸಬಾರದು. ಅದಕ್ಕೆಂದೇ ಮಗು ಒಂದೊಂದಕ್ಕೂ ಗುರುತು ಹಾಕುತ್ತದೆ. ಪಟ್ಟಿಯ ಬಾಬುಗಳಿಗೆ ಗುರುತು ಹಾಕುತ್ತ ಸಾಗುವ ಗುಮಾಸ್ತನೂ, ಮೇಜಿನ ಮೇಲಿನ ತಟ್ಟೆ ಲೋಟಗಳನ್ನು ನೋಡಿ ಬಿಲ್ಲು ಹೇಳುವ ಹೋಟೆಲಿನ ಸಪ್ಲಾಯರನೂ ಮಾಡುವುದು ಇದನ್ನೇ ಅಲ್ಲವೇ? ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟ ಹಾಗೂ ಚಟುವಟಿಕೆಗಳ ಮೂಲಕ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ಆದರೆ ಚಿತ್ರಗಳ ಆಯ್ಕೆಯ ವಿಷಯದಲ್ಲಿ ನಮ್ಮದೊಂದು ತಕರಾರಿದೆ. ಪರದೇಶದ ಮಾದರಿಯನ್ನು ನಕಲು ಮಾಡಿದ ಹಾಳೆಗಳಲ್ಲಿ ಚಳಿಗಾಲವೆಂದರೆ ಹಿಮದ ಬೊಂಬೆ, ಉಣ್ಣೆಯ ಕೈಚೀಲ. ಮುಂಬಯಿಯ ಚಾಳಿನ ಮಗುವಿಗೆ ಅವುಗಳ ಗುರುತೇ ಇಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಕೊಡೆ ಮತ್ತು ಕಾಗದದ ದೋಣಿ, ಚೌತಿಗೆ ಮೋದಕ, ದೀಪಾವಳಿಗೆ ಹಣತೆ, ಸಂಕ್ರಾಂತಿಗೆ ಗಾಳಿಪಟ, ಬೇಸಗೆಗೆ ಮಾವಿನಹಣ್ಣು ಬರಲಿ. ತಾನು ಕಂಡ ವಸ್ತುವನ್ನು ಮಗು ಬೇಗ ಗುರುತಿಸುತ್ತದೆ. ಅದರ ಗಮನವೆಲ್ಲ ಎಣಿಕೆಯ ಮೇಲೆ ನಿಲ್ಲುತ್ತದೆ.

ಇನ್ನೊಂದು ಮಾತು ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಸಲ್ಲುವುದು. ಕನ್ನಡದಲ್ಲಿ ವಸ್ತುಗಳಿಗೊಂದು ಎಣಿಕೆ, ಮನುಷ್ಯರಿಗೊಂದು ಎಣಿಕೆ. ಎರಡು ಕೊಡೆ, ಆದರೆ ಇಬ್ಬರು ಹುಡುಗರು. ಮೂರು ಕಪ್ಪೆ, ಆದರೆ ಮೂವರು ಹೆಂಗಸರು. ದಿನವಿಡೀ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಎಣಿಸುವ ಮಗು ‘ಎರಡು ಹುಡುಗರು’ ಎಂದರೆ ಆಶ್ಚರ್ಯವಿಲ್ಲ. ಆ ಶಾಲೆ ಇದನ್ನು ತಿದ್ದಲಾರದು, ಮನೆಯೇ ತಿದ್ದಬೇಕು.

ಇದಕ್ಕೆ ಹಣ ಬೇಕಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಕೊಡೆ, ಆರು ಮೀನು, ಮೂವರು ಮಕ್ಕಳನ್ನು ಬರೆದರೆ ಸಾಕು. ಗೆರೆ ಸೊಟ್ಟಗಾದರೆ ಮಗು ನಗುತ್ತದೆ, ಅಷ್ಟೆ. ವಾರದ ರಜೆಯ ದಿನ ಕಾಲು ಗಂಟೆಯನ್ನಾದರೂ ನಮ್ಮ ಬಾಂಧವರು ಇದಕ್ಕೆ ಮೀಸಲಿಡಲಿ. ಶಾಲೆ ಎಣಿಕೆಯನ್ನು ಕಲಿಸಲಿ. ಕನ್ನಡದಲ್ಲಿ ಎಣಿಸುವುದನ್ನು ನಾವು ಕಲಿಸೋಣ.