ನೋಟಿನ ತಾರೀಖು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿಯಾಗುವುದಕ್ಕೆ ಎಷ್ಟೋ ಮೊದಲೇ ಮಕ್ಕಳ ಕಾಲೇಜು ಫೀ ಕಟ್ಟಬೇಕಾಗುತ್ತದೆ. ಆಗ ಸಾಲ, ಪ್ರಾಮಿಸರಿ ನೋಟಿಗೆ ಸಹಿ. ಬಡ್ಡಿ ‘ನೂರಕ್ಕೆ ಮೂರು’ ಎಂದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡ 36. ಶಾಲೆಯ ಸರಳಬಡ್ಡಿ ಲೆಕ್ಕವನ್ನು ಮಕ್ಕಳು ಇಲ್ಲಿಯೇ ಮಾಡಿ ತೋರಿಸಬಹುದು.

ವಸೂಲಿ ದಾವೆಯಲ್ಲಿ ವಕೀಲರು ಮೊದಲು ನೋಡುವುದು ನೋಟಿನ ತಾರೀಖನ್ನು. 1963ರ ಕಾಲಮಿತಿ ಕಾಯ್ದೆಯಂತೆ, ಕೇಳಿದಾಗ ಕೊಡಬೇಕಾದ ನೋಟಿನ ಮೇಲೆ ದಾವೆ ಹೂಡಲು ಬರೆದ ದಿನದಿಂದ 3 ವರ್ಷ ಮಾತ್ರ. ಅಷ್ಟರೊಳಗೆ ಸಾಲಗಾರ ಬಾಕಿಯನ್ನು ಒಪ್ಪಿ, ಬರೆದು ಸಹಿ ಮಾಡಿದರೆ ಅಂದಿನಿಂದ ಮತ್ತೆ 3 ವರ್ಷ. ಬಾಯಿಮಾತಿನ ಒಪ್ಪಿಗೆ ಸಾಲದು. ಪರವಾನಗಿಯಿಲ್ಲದೆ ಲೇವಾದೇವಿ ನಡೆಸುವವರಿಗೆ 1961ರ ರಾಜ್ಯ ಕಾಯ್ದೆಯಂತೆ ಡಿಕ್ರಿಯೇ ಸಿಗದು. ಸಾಲ ತೀರಿಸಿದವರು ರಸೀದಿಯ ಜೊತೆ ಮೂಲ ನೋಟನ್ನೂ ವಾಪಸು ಪಡೆಯಬೇಕು. ಅದೇ ಕಾಗದ ಮತ್ತೆ ಕೋರ್ಟಿಗೆ ಬಂದೀತು.