ವೇದಾವತಿಯ ಮರಳಿಗೂ ಜಮಾ-ಖರ್ಚು ಬೇಕು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ರೈತ ಮಿತ್ರರೇ, ಕಡಲತೀರದ ಮರಳಿಗೂ ನಮ್ಮ ಶೇಂಗಾ ಹೊಲಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಅಲ್ಲಿ ನಡೀತಿರೋ ಸವಕಳಿಯಿಂದ ನಾವು ಕಲಿಯೋದೂ ಇದೆ.

ಕಡಲತೀರದ ಅಧ್ಯಯನ ಮಾಡೋರು ಮೊದಲು ನೋಡೋದು ಜಮಾ-ಖರ್ಚು: ದಂಡೆಗೆ ಎಷ್ಟು ಮರಳು ಬಂತು, ಎಷ್ಟು ಹೋಯ್ತು? ಖರ್ಚು ಜಾಸ್ತಿಯಾದರೆ ದಂಡೆ ಸವೆಯುತ್ತೆ. ಉಳ್ಳಾಲದಲ್ಲಿ ಮನೆ, ತೆಂಗಿನಮರ ಸಮುದ್ರಪಾಲಾಗೋದನ್ನು ಟಿವಿಯಲ್ಲಿ ನೋಡಿದ್ದೀರಿ. ಆದರೂ ಸಮುದ್ರಕ್ಕೆ ಒಂದು ಒಳ್ಳೇ ಗುಣ ಇದೆ. ಮುಂಗಾರಿನ ದೊಡ್ಡ ಅಲೆ ಎಳೆದೊಯ್ದ ಮರಳಲ್ಲಿ ಬಹುಪಾಲನ್ನು ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ವಾಪಸ್ ತರುತ್ತವೆ.

ನಮ್ಮ ವೇದಾವತಿಗೆ ಹಾಗೆ ವಾಪಸ್ ತರೋ ಅಲೆ ಇಲ್ಲ. 1907ರಲ್ಲಿ ಮಾರಿಕಣಿವೆ ಅಣೆಕಟ್ಟು ಮುಗಿದ ಮೇಲೆ ಮೇಲಿನ ದಪ್ಪ ಮರಳು ವಾಣಿವಿಲಾಸ ಸಾಗರದ ತಳದಲ್ಲೇ ನಿಲ್ಲುತ್ತೆ. 1933ರ ನಂತರ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿದ್ದಾಗ ಕೆಳಗೆ ಬಂದದ್ದು ನೀರು, ಮರಳಲ್ಲ. ಈಗ ಹೊಸ ಮರಳು ಬರೋದು ಕೆಳಗಿನ ಹಳ್ಳಗಳಿಂದ, ಅದೂ ಜೋರು ಮಳೆಯಾದಾಗ. ಅಂದರೆ ಹೊಳೆಯಲ್ಲಿ ಉಳಿದಿರೋದು ಹಳೇ ಠೇವಣಿ. ಬಡ್ಡಿ ಕಡಿಮೆ, ನಾವು ಅಸಲಿಗೇ ಕೈ ಹಾಕಿದ್ದೀವಿ.

ಆ ಅಸಲು ಬರೀ ಮರಳಲ್ಲ, ನೀರು. ಮರಳಿನ ಗಾತ್ರದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಸಂದಿ. ನೂರು ಘನ ಅಡಿಯ ಒಂದು ಟ್ರ್ಯಾಕ್ಟರ್ ಲೋಡು ಹೋದರೆ ಸುಮಾರು 850 ಲೀಟರ್ ನೀರು ನಿಲ್ಲೋ ಜಾಗ ಹೋಯ್ತು. ಕೆರೆ ನೀರು ಬಿಸಿಲಿಗೆ ಆವಿಯಾಗುತ್ತೆ, ಮರಳಿನ ಆಳದಲ್ಲಿರೋ ನೀರು ಅಷ್ಟು ಬೇಗ ಆರಲ್ಲ. ದಡದ ಬಾವಿ, ಬೋರ್‌ವೆಲ್‌ಗಳಿಗೆ ಅದೇ ಆಸರೆ.

ಮರಳು ತಾನಾಗಿ ಜಾಗ ಬಿಟ್ಟರೂ ಕಷ್ಟವೇ. ಇದೇ ಹೊಳೆ ಗಡಿ ದಾಟಿ ಅನಂತಪುರ ಜಿಲ್ಲೆಗೆ ಹೋದಾಗ, ಕಣೇಕಲ್ಲು, ಬೊಮ್ಮನಹಾಳ್ ಕಡೆ ಒಣಗಿದ ಪಾತ್ರದ ಮರಳನ್ನು ಗಾಳಿ ಹೊಲಗಳಿಗೆ ತಂದು ದಿಬ್ಬ ಮಾಡಿದೆ. ಹಾಗಾಗಿ ದಡದ ಹೊಂಗೆ, ಲಕ್ಕಿ, ಕತ್ತಾಳೆ ಕಡಿಯಬೇಡಿ. ಮರಳನ್ನು ಹಿಡಿದಿಡೋದು ಆ ಬೇರುಗಳೇ.

"ಹಂಗಾದ್ರೆ ಮನೆ ಕಟ್ಟೋದು ಬ್ಯಾಡ್ವಾ?" ಅಂತೀರಾ. ಕಟ್ಟಿ. ಎಂ-ಸ್ಯಾಂಡ್ ಈಗ ಎಲ್ಲಾ ಕಡೆ ಸಿಗುತ್ತೆ. "ಬ್ಯಾರೇಜ್ ಕಟ್ಟಿದಾರಲ್ಲ, ನೀರು ನಿಲ್ಲುತ್ತೆ" ಅನ್ನೋರೂ ಇದ್ದಾರೆ. ಆದರೆ ಮರಳು ತೆಗೆದು ಬರೀ ಜೇಡಿ ಉಳಿದರೆ ನಿಂತ ನೀರು ಕೆಳಗೆ ಇಳಿಯೋದಾದರೂ ಹೇಗೆ? ರಾತ್ರಿ ಬಾಡಿಗೆಗೆ ಹೋಗೋ ಟ್ರ್ಯಾಕ್ಟರ್ ಎಷ್ಟೋ ಸಲ ನಮ್ಮ ವಯಸ್ಸಿನವರದೇ. ಬಾಡಿಗೆ ದುಡ್ಡು ಒಂದು ದಿನದ್ದು, ಬತ್ತಿದ ಬೋರು ವರ್ಷಗಟ್ಟಲೆಯದ್ದು.

ಲೆಕ್ಕ ಇಡೋಕೆ ವಿಜ್ಞಾನಿಗಳೇ ಬರಬೇಕಿಲ್ಲ, ಜೇಬಲ್ಲಿ ಫೋನಿದೆ. ಮೇ ತಿಂಗಳಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಒಂದೇ ಜಾಗದಲ್ಲಿ ನಿಂತು ಹೊಳೆಯ ಫೋಟೋ ತೆಗೀರಿ. ಸೇತುವೆ ಕಂಬದ ಮೇಲೆ ಮರಳು ಎಲ್ಲಿವರೆಗಿದೆ ಅಂತ ಗುರುತಿಟ್ಟುಕೊಳ್ಳಿ. ಅದೇ ದಿನ ಬಾವಿಯ ನೀರಿನ ಮಟ್ಟ ಅಳೆದು ಬರೀರಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆಗೆದು ಹೋಲಿಸಿ. ಚಿನ್ನಹಗರಿ ದಡದವರೂ ಹೀಗೇ ಮಾಡಬಹುದು.

ಎರಡು ವರ್ಷದ ಫೋಟೋ, ಅಳತೆ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬಾಯಿಮಾತಿನ ದೂರನ್ನು ತಳ್ಳಿಹಾಕೋದು ಸುಲಭ. ತಾರೀಕು ಸಮೇತ ಇರೋ ಲೆಕ್ಕವನ್ನು ತಳ್ಳಿಹಾಕೋದು ಕಷ್ಟ.