ಎರಡಾಣೆಯ ಬಂಡವಾಳ

ಉದ್ಯಮ ಕಟ್ಟಲು ಮೊದಲು ಬೇಕಾದುದು ದೊಡ್ಡ ಬಂಡವಾಳ ಎಂಬುದು ಬಹುಜನರ ನಂಬಿಕೆ. ಅದು ಅರ್ಧಸತ್ಯ ಮಾತ್ರ ಎಂಬುದಕ್ಕೆ ಉಡುಪಿಯಲ್ಲಿ ಹುಟ್ಟಿದ ಒಂದು ಬ್ಯಾಂಕಿನ ಚರಿತ್ರೆಯೇ ಸಾಕ್ಷಿ.

ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲವದು. ಅವರಿಗೆ ನೆರವಾಗಲೆಂದು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಈ ಮೂವರು 1925ರಲ್ಲಿ 8,000 ರೂಪಾಯಿಗಳ ಮೂಲಧನದಿಂದ ಬ್ಯಾಂಕನ್ನು ಸ್ಥಾಪಿಸಿದರು. 1928ರಲ್ಲಿ ‘ಪಿಗ್ಮಿ’ ಠೇವಣಿ ಆರಂಭವಾಯಿತು. ದಿನಕ್ಕೆ ಎರಡಾಣೆ, ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು, ಉಳಿಸಬಲ್ಲವರ ಮನೆಬಾಗಿಲಿಗೂ ಬ್ಯಾಂಕಿನ ಪ್ರತಿನಿಧಿ ಹೋಗಿ ಹಣ ಸಂಗ್ರಹಿಸತೊಡಗಿದನು. ಹನಿಗೂಡಿ ಹಳ್ಳವಾಯಿತು.

ಬಡವನ ಎರಡಾಣೆಯನ್ನು ಚಿಲ್ಲರೆಯೆಂದು ಬಗೆಯಲಾಗದು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಆ ಹಣವನ್ನು ಆತ ಅನ್ಯರ ಕೈಯಲ್ಲಿಡಬೇಕಾದರೆ ದಿನದಿನದ ಲೆಕ್ಕ ತಪ್ಪದಿರಬೇಕು; ಕೇಳಿದಾಗ ಹಣ ಮರಳಿ ಬರಬೇಕು. ಲಾಭವಿಲ್ಲದೆ ಸಂಸ್ಥೆ ಬಾಳದೆಂಬುದು ನಿಜ. ಆದರೆ ಜನರ ವಿಶ್ವಾಸ ಕಳೆದುಕೊಂಡ ಸಂಸ್ಥೆಗೆ ಲಾಭವೂ ದಕ್ಕದು. ದುಡಿಯುವ ವ್ಯಕ್ತಿಗೂ ಇದೇ ನ್ಯಾಯ ಸಲ್ಲುತ್ತದೆ. ಸಣ್ಣ ಕೆಲಸದಲ್ಲಿ ಮಾತು ತಪ್ಪಿದವನಿಗೆ ದೊಡ್ಡ ಕೆಲಸವನ್ನು ಯಾರೂ ಒಪ್ಪಿಸರು.

ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಅಳಿದರೂ ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಕನ್ನಡ ನಾಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ನಾಳೆ ಉದ್ಯೋಗಕ್ಕೆ ಇಳಿಯುವ ತರುಣರು ಕೈಯಲ್ಲಿರುವ ಹಣವನ್ನು ಎಣಿಸುವ ಮುನ್ನ, ತಮ್ಮ ದುಡಿಮೆಯಿಂದ ಯಾರ ಕಷ್ಟ ನೀಗುವುದೆಂದು ಕೇಳಿಕೊಳ್ಳುವುದು ಒಳಿತು.